ಚಪ್ಪಲಿನೂ ತಗೋಳಿ, ಹೊಸದು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಗುಂಪಿನಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳಿಗೆ ನಮ್ಮ ಮಾತು ಕೂಡಿಸುವ ಸ್ಟುಡಿಯೋ ಅದು. ಅಲ್ಲಿ ನಾಯಕನಿಗೆ ಒಬ್ಬ, ನಾಯಕಿಗೆ ಒಬ್ಬಳು, ಕೆಟ್ಟವನಿಗೆ ಗಂಟಲಲ್ಲಿ ಜಲ್ಲಿಕಲ್ಲು ಇಟ್ಟುಕೊಂಡಂಥ ಇನ್ನೊಬ್ಬ, ಹೀಗೆ ಧ್ವನಿ ಕೊಡುವವರು ಬೇರೆ ಬೇರೆ ಇದ್ದರು. ಉಳಿದವರೆಲ್ಲ ಗುಂಪಿನಕ್ಕನ ಪಾಲಿಗೆ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವವಳು, ಆಸ್ಪತ್ರೆಯಲ್ಲಿ “ಡಾಕ್ಟ್ರು ಬಂದ್ರು, ದಾರಿ ಬಿಡಿ” ಎನ್ನುವ ನರ್ಸು, ಬೆಂಕಿ ಬಿದ್ದಾಗ ಹಿಂದಿನಿಂದ ಬಡಕೊಳ್ಳುವ ಪಕ್ಕದಮನೆಯವಳು, ಎಲ್ಲ ಅವಳೇ. ಬಾಯಿಗೆ ಕೈ ಅಡ್ಡ ಹಿಡಿದು ಒಂದು ಮಾತು, ಮೈಕಿಗೆ ಬೆನ್ನು ಹಾಕಿ ಇನ್ನೊಂದು, ಮೂಗು ಒತ್ತಿ ಹಿಡಿದು ಮತ್ತೊಂದು. ಒಬ್ಬಳೇ ನಿಂತು ಒಂದು ಸಂತೆಯನ್ನೇ ನೆರೆಸಿಬಿಡುತ್ತಿದ್ದಳು.

ಆ ಊರಿನಲ್ಲಿ ಅವಳ ಧ್ವನಿ ಕೇಳದ ಮನೆ ಇರಲಿಲ್ಲ. ಅದು ಅವಳದು ಎಂದು ತಿಳಿದ ಮನೆಯೂ ಇರಲಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಸಾಧು ಮನುಷ್ಯ. ಟೀವಿ ಮುಂದೆ ಕುಳಿತಾಗ ಪ್ರೀತಿಯಿಂದ ಕೇಳುತ್ತಿದ್ದ, “ಈಗ ಮಾತಾಡಿದ್ಲಲ್ಲ, ಅದು ನೀನಾ?” ಅವಳು ಹೇಳುತ್ತಿದ್ದಳು, “ಅಲ್ಲ ರೀ. ಅವಳ ಹಿಂದೆ ನಾಯಿ ಬೊಗಳ್ತಲ್ಲ, ಅದು ನಾನು.” ಹೇಳಿ ನಗುತ್ತಿದ್ದಳು. ಆದರೆ ನಗು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಒಂದೇ ಒಂದು ಸಲ, ಯಾರಾದರೂ ಒಬ್ಬರು, ತನ್ನ ಮಾತು ಕೇಳಿ ಇದು ಅವಳೇ ಎಂದು ಗುರುತು ಹಿಡಿಯಬೇಕು ಎಂಬ ಆಸೆ ಅವಳಿಗಿತ್ತು. ತಲೆ ನರೆಯಲು ಶುರುವಾದ ಮೇಲೂ ಆ ಆಸೆ ನರೆತಿರಲಿಲ್ಲ.

ಗುಂಪಿನ ಕೆಲಸಕ್ಕೆ ಯಾರೂ ಮಾತು ಬರೆದುಕೊಡುವುದಿಲ್ಲ. “ಜನರ ಗಲಾಟೆ” ಎಂದಷ್ಟೇ ಹಾಳೆಯಲ್ಲಿರುತ್ತದೆ. ಗಲಾಟೆಯಲ್ಲಿ ಯಾರು ಏನೆನ್ನುತ್ತಾರೆ ಎಂಬುದನ್ನು ತಾನೇ ತುಂಬಬೇಕು. ಅದಕ್ಕಾಗಿ ಗುಂಪಿನಕ್ಕ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿರಲಿಲ್ಲ, ಜಗಳ ಆಗುವ ಬಾಗಿಲ ಪಕ್ಕ ಕೂರುತ್ತಿದ್ದಳು. ಬಿಲ್ಲು ಕಟ್ಟುವ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ನಲ್ಲಿಯ ಹತ್ತಿರ, ಎಲ್ಲಿ ನಿಂತರೂ ಅವಳ ಕಿವಿ ಜೇಬುಗಳ್ಳನ ಕೈಯ ಹಾಗೆ ಸದ್ದಿಲ್ಲದೆ ಓಡಾಡುತ್ತಿತ್ತು. “ಚಿಲ್ಲರೆ ಇಲ್ಲ ಅಂತ ಜೀವ ತೆಗೀತೀಯಲ್ಲಪ್ಪ” ಎಂದು ಯಾರೋ ಮುದುಕಿ ಕಂಡಕ್ಟರನಿಗೆ ಅಂದದ್ದು ಮುಂದಿನ ವಾರ ಯಾವುದೋ ರಾಜನ ಆಸ್ಥಾನದಲ್ಲಿ ಕೇಳಿಬರುತ್ತಿತ್ತು. ಇದನ್ನು ಅವಳು ಕಳ್ಳತನ ಎಂದುಕೊಂಡಿರಲಿಲ್ಲ. ಮಾತು ಗಾಳಿಯಲ್ಲಿರುತ್ತದೆ, ಗಾಳಿಗೆ ಮಾಲೀಕರು ಯಾರು ಎಂದು ಅವಳ ವಾದ.

ಹೀಗಿರುವಾಗ ಸ್ಟುಡಿಯೋಗೆ ಒಂದು ಹೊಸ ಬಗೆಯ ಕೆಲಸ ಬಂತು. ಅದು ಸಿನಿಮಾ ಅಲ್ಲ, ವಿಡಿಯೋ ಗೇಮು. ಸೌಂಡ್ ಇಂಜಿನಿಯರ್ ಅವಳಿಗಿಂತ ಚಿಕ್ಕವನು, ತಾಳ್ಮೆಯವನು, ಗಾಜಿನ ಆ ಕಡೆ ಕುಳಿತು ವಿವರಿಸಿದ.

“ಅಕ್ಕ, ಇದರಲ್ಲಿ ಒಂದು ಇಡೀ ಊರು ಕಟ್ಟಿಟ್ಟಿದ್ದಾರೆ. ರಸ್ತೆ, ಸೇತುವೆ, ಸಮುದ್ರ, ಎಲ್ಲ. ಆಡೋನು ಎಲ್ಲಿ ಬೇಕಾದ್ರೂ ಹೋಗ್ಬಹುದು, ಏನ್ ಬೇಕಾದ್ರೂ ಮಾಡ್ಬಹುದು.”

“ಏನ್ ಮಾಡ್ತಾನೆ?”

“ಹೆಚ್ಚಾಗಿ ಕಳ್ತನ ಮಾಡ್ತಾನೆ.”

“ಅಷ್ಟು ದೊಡ್ಡ ಊರು ಕೈಗೆ ಕೊಟ್ರೂ ಅದೇ ಬುದ್ಧಿನಾ?” ಎಂದಳು ಗುಂಪಿನಕ್ಕ.

ಅವಳ ಪಾಲಿಗೆ ಬಂದದ್ದು ದಾರಿಯಲ್ಲಿ ಹೋಗುವ ಹೆಂಗಸು. ಆಡುವವನು ಬಂದು ಅವಳ ಚೀಲ ಕಿತ್ತುಕೊಳ್ಳಬಹುದು, ತಳ್ಳಬಹುದು, ಮೈಮೇಲೆ ಕಾರು ಹತ್ತಿಸಬಹುದು. ಪ್ರತಿಯೊಂದಕ್ಕೂ ಹಲವು ಬಗೆಯಲ್ಲಿ ಕೂಗಿ ಕೊಡಬೇಕು. ಹಾಳೆಯಲ್ಲಿ ಯಾರೋ ಪುಣ್ಯಾತ್ಮರು ಬರೆದಿದ್ದರು: “ಓ ದೇವರೇ! ದಯವಿಟ್ಟು ನನಗೆ ನೋವುಂಟುಮಾಡಬೇಡಿ!” ಅವಳು ಅದನ್ನು ಓದಿ, ಕಿವಿಯಿಂದ ಹೆಡ್‌ಫೋನ್ ತೆಗೆದು, “ಚೀಲ ಕಿತ್ಕೊಳ್ಳೋನಿಗೆ ದಯವಿಟ್ಟು ಅನ್ನೋಳು ಯಾರಪ್ಪ? ಅರ್ಜಿ ಬರೀತಿದ್ದಾಳಾ?” ಎಂದಳು. ಇಂಜಿನಿಯರ್ ನಕ್ಕು, “ಹಾಳೆ ಬಿಡಿ ಅಕ್ಕ. ನಿಮಗೆ ತೋಚಿದ್ದು ಹೇಳಿ. ಈ ಆಟದ ಜೀವ ಇರೋದೇ ದಾರೀಲಿ ಹೋಗೋರಲ್ಲಿ” ಎಂದ.

ಸದ್ದಾಗಬಾರದೆಂದು ಫ್ಯಾನು ಆರಿಸಿದ ಪುಟ್ಟ ಕೋಣೆ. ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಬಸ್ಸಿನ ಬೈಗುಳ ಮುಗಿಯಿತು, ಸಾಲಿನ ಜಗಳ ಮುಗಿಯಿತು, ನಲ್ಲಿಯ ಶಾಪವೆಲ್ಲ ಮುಗಿದು ಅವಳ ಉಗ್ರಾಣ ಬರಿದಾಯಿತು. ಇಂಜಿನಿಯರ್ ಇನ್ನೊಂದು ಬೇಕು ಎಂದ. ಕೊನೆಯದು, ಕಳ್ಳ ಎದುರಿಗೇ ನಿಂತಿದ್ದಾನೆ, ಚೀಲ ಆಗಲೇ ಹೋಗಿದೆ, ಆದರೂ ಅವನು ಹೋಗುತ್ತಿಲ್ಲ, ನಿಮ್ಮನ್ನೇ ನೋಡುತ್ತಿದ್ದಾನೆ, ಏನಂತೀರಿ ಎಂದು ಕೇಳಿದ. ಗುಂಪಿನಕ್ಕ ಕಣ್ಣು ಮುಚ್ಚಿದಳು. ಬಾಯಿ ತಾನಾಗಿ ತೆರೆಯಿತು.

“ಅಣ್ಣಾ, ಚಪ್ಪಲಿನೂ ತಗೋಳಿ, ಹೊಸದು! ನನ್ನ ಬಿಟ್ಬಿಡಿ!”

 ಗಾಜಿನ ಆಚೆ ಇಂಜಿನಿಯರ್ ಮೇಜು ಗುದ್ದಿ ಗುದ್ದಿ ನಕ್ಕ. ನಕ್ಕು ಕಣ್ಣೊರೆಸಿಕೊಂಡು, “ಅಕ್ಕ, ಇದೆಲ್ಲಿತ್ತು ನಿಮ್ಮ ಹತ್ರ? ಹೊಸದಂತೆ!” ಎಂದ. ಅವಳು, “ಹಾಗೇ ಬಂತು” ಎಂದಳು.

ಹಾಗೇ ಬಂದದ್ದಲ್ಲ. ಅದು ಅವಳ ನಾದಿನಿಯ ಮಾತು.

ಗಂಡನ ತಂಗಿ ಅವರ ಜೊತೆಗೇ ಇದ್ದಳು, ಬಾಲ್ಕನಿ ಕಡೆಯ ಕೋಣೆಯಲ್ಲಿ. ಮದುವೆ ಬೇಡ ಎಂದವಳು. ಚಪ್ಪಲಿ ಅಂಗಡಿಯಲ್ಲಿ ಕೆಲಸ, ಸಂಜೆ ಬಂದರೆ ಅಡಿಗೆಮನೆಯಲ್ಲಿ ಅತ್ತಿಗೆಯ ಪಕ್ಕ ನಿಂತು ದಿನದ ಗಿರಾಕಿಗಳನ್ನೆಲ್ಲ ಅಣಕಿಸಿ ನಗಿಸುವುದು ಅವಳ ರೂಢಿ. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೇಕಾಯಿ ಎನ್ನುತ್ತಾರಲ್ಲ, ಇಲ್ಲಿ ಹಾಗಿರಲಿಲ್ಲ. ಗುಂಪಿನಕ್ಕ ಮದುವೆಯಾಗಿ ಬಂದ ಮೊದಲ ವರ್ಷದಿಂದಲೇ ಅವಳು ಅತ್ತಿಗೆಯನ್ನು ನೀನು ಎನ್ನುತ್ತಿದ್ದಳು, ಬೇರೆಯವರೆದುರು ಕೂಡ.

ಎರಡು ವರ್ಷದ ಹಿಂದೆ ಒಂದು ಸಂಜೆ, ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಅವಳ ಚೀಲ ಕಿತ್ತುಕೊಂಡರು. ಅವಳು ಬರಿಗಾಲಲ್ಲಿ ಮನೆಗೆ ಬಂದಾಗ ಬಾಗಿಲು ತೆಗೆದವಳು ಗುಂಪಿನಕ್ಕ. ಅಣ್ಣನಿಗೂ ಪೊಲೀಸರಿಗೂ ಅವಳು ಚೀಲದ ವಿಷಯ ಮಾತ್ರ ಹೇಳಿದಳು. ಕೆಲವು ದಿನ ಕಳೆದ ಮೇಲೆ, ಅಡಿಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತ, ತಲೆ ಎತ್ತದೆ ಉಳಿದದ್ದನ್ನು ಹೇಳಿದಳು.

“ಚೀಲ ಕೊಟ್ಟ ಮೇಲೂ ಅವರು ಹೋಗ್ಲಿಲ್ಲ ಅತ್ತಿಗೆ. ಒಬ್ಬ ಹಾಗೇ ನೋಡ್ತಾ ನಿಂತ. ನನಗೆ ಏನಾಯ್ತೋ. ಕಿರುಚಬಹುದಿತ್ತು, ಕಚ್ಚಬಹುದಿತ್ತು. ನಾನು ಏನಂದೆ ಗೊತ್ತಾ? ಅಣ್ಣಾ, ಚಪ್ಪಲಿನೂ ತಗೋಳಿ, ಹೊಸದು, ನನ್ನ ಬಿಟ್ಬಿಡಿ ಅಂದೆ. ಅಂಗಡೀಲಿ ಗಿರಾಕಿಗೆ ತೋರಿಸ್ತೀವಲ್ಲ, ಹಾಗೆ ಕಾಲು ಮುಂದೆ ಮಾಡಿ ತೋರಿಸ್ದೆ. ಕಳ್ಳನ್ನ ಅಣ್ಣ ಅಂದೆ. ಥೂ, ನನಗೇ ಅಸಹ್ಯ ಆಗುತ್ತೆ. ಯಾರಿಗೂ ಹೇಳ್ಬೇಡ. ಅಣ್ಣಂಗೂ.”

ಗುಂಪಿನಕ್ಕ ಕೈ ತೊಳೆದು ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, “ನನ್ನ ಬಾಯಿಂದ ಆಚೆ ಹೋಗಲ್ಲ ಕಣೆ” ಎಂದಳು. ಆ ಹೊತ್ತಿಗೆ ಅದು ಸತ್ಯವೇ ಆಗಿತ್ತು. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಕಿವಿ ತನ್ನ ಕೆಲಸ ಮಾಡಿತ್ತು. ಆ ಮಾತನ್ನೂ, ಅದರ ಏರನ್ನೂ ಇಳಿತವನ್ನೂ, ‘ಹೊಸದು’ ಎನ್ನುವಲ್ಲಿ ಉಸಿರು ಮುರಿದದ್ದನ್ನೂ ಎತ್ತಿ ಒಳಗಿಟ್ಟುಕೊಂಡಿತ್ತು.

ಸ್ಟುಡಿಯೋದಿಂದ ಮನೆಗೆ ಬರುವ ಬಸ್ಸಿನಲ್ಲಿ ಅವಳು ಅವತ್ತು ಯಾರ ಮಾತನ್ನೂ ಕೇಳಲಿಲ್ಲ. ನಾಳೆ ಹೋಗಿ ಅದನ್ನು ಅಳಿಸಿ ಎನ್ನಬೇಕು ಎಂದುಕೊಂಡಳು. ನಾಳೆ ಬೇರೆ ಕೆಲಸವಿತ್ತು. ಆಮೇಲೆ, ಅಷ್ಟು ದೊಡ್ಡ ಊರಲ್ಲಿ ಒಂದು ಮೂಲೆಯ ಹೆಂಗಸಿನ ಒಂದು ಮಾತು ಯಾರ ಕಿವಿಗೆ ಬೀಳುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಜೀವಮಾನವಿಡೀ ಯಾರೂ ಗಮನಿಸದ ಧ್ವನಿ, ಈಗ ಗಮನಿಸುತ್ತಾರೆಯೇ?

ಆಟ ಬಿಡುಗಡೆಯಾಯಿತು. ಹೆಂಡತಿಯ ಧ್ವನಿ ಅದರಲ್ಲಿದೆ ಎಂದು ಗಂಡ ಜೊತೆ ಕೆಲಸಗಾರನ ಹತ್ತಿರ ಆಟದ ಯಂತ್ರ ಎರವಲು ತಂದು ಟೀವಿಗೆ ಜೋಡಿಸಿದ. ಅವನು ಆಡುವುದನ್ನು ನೋಡುವುದೇ ಒಂದು ತಮಾಷೆ. ಕದ್ದ ಕಾರಿನಲ್ಲಿ ಕುಳಿತು ಕೆಂಪು ದೀಪಕ್ಕೆ ನಿಲ್ಲುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದರೆ, “ಇರ್ರೋ, ಹಸಿರು ಬೀಳ್ಲಿ” ಎಂದು ಟೀವಿಗೆ ಬೈಯುತ್ತಿದ್ದ. ಮೊದಲ ದಿನ ಅವನು ಬೆರಗಾದ. ಮಳೆ ಬಂದರೆ ಆ ಊರಿನ ಜನ ಓಡಿ ಸೂರಿನಡಿ ನಿಲ್ಲುತ್ತಾರೆ, ರಸ್ತೆ ಒದ್ದೆಯಾಗಿ ದೀಪದ ಬೆಳಕು ಅದರಲ್ಲಿ ನಡುಗುತ್ತದೆ, ಸಂಜೆಯಾದರೆ ಸಮುದ್ರದ ಬಣ್ಣ ಬದಲಾಗುತ್ತದೆ. ಎಷ್ಟು ದೂರ ಹೋದರೂ ಇಲ್ಲಿಗೆ ಮುಗಿಯಿತು ಎನ್ನುವವರಿಲ್ಲ. “ಮಾಡಿದೋರ ಕೈಗೆ ಬಂಗಾರದ ಬಳೆ ತೊಡಿಸ್ಬೇಕು” ಎಂದ.

ಎರಡನೆಯ ದಿನ ಅವನ ವೃತ್ತಿ ಎಚ್ಚರವಾಯಿತು. ಎತ್ತರದ ಕಟ್ಟಡಗಳಿಗೆಲ್ಲ ನುಗ್ಗಿ ಲಿಫ್ಟ್ ಹುಡುಕಿದ. ಲಿಫ್ಟಿನ ಬಾಗಿಲುಗಳಿದ್ದವು, ಗುಂಡಿಗಳಿದ್ದವು, ಒಂದೂ ತೆರೆಯಲಿಲ್ಲ. ಮನೆಯ ಬಾಗಿಲುಗಳೂ ಅಷ್ಟೇ, ಗೋಡೆಗೆ ಬಳಿದ ಬಣ್ಣ. “ಇಷ್ಟು ಜನ ರಸ್ತೇಲಿದ್ದಾರೆ, ಒಬ್ರಿಗೂ ಮನೆ ಇಲ್ವಲ್ಲೇ!” ಎಂದು ನೊಂದುಕೊಂಡ. ಇನ್ನೊಂದು ಅವನಿಗೆ ಸರಿಬರಲಿಲ್ಲ. ಯಾರನ್ನಾದರೂ ದೋಚಿದರೆ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿನುಗುತ್ತದೆ, ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ. ಆದರೆ ಒಂದು ಸಂದಿಯಲ್ಲಿ ಸ್ವಲ್ಪ ಹೊತ್ತು ಅಡಗಿ ಕುಳಿತರೆ ಗುರುತು ಆರುತ್ತದೆ. ಆಮೇಲೆ ಅದೇ ಪೊಲೀಸನ ಪಕ್ಕದಲ್ಲೇ ಶಿಳ್ಳೆ ಹಾಕುತ್ತ ನಡೆದುಹೋಗಬಹುದು. “ಇದೆಂಥ ನ್ಯಾಯ? ಮಾಡಿದ್ದು ಎಲ್ಲಿ ಹೋಯ್ತು?” ಎಂದು ಅವನು ಕೇಳಿದ. ಗುಂಪಿನಕ್ಕ ಒಲೆ ಮೇಲೆ ಏನೋ ಇದೆ ಎಂದು ಎದ್ದುಹೋದಳು. ಒಲೆ ಹಚ್ಚಿರಲೇ ಇಲ್ಲ.

ಅಷ್ಟರಲ್ಲಿ ಮೊಬೈಲಿನಲ್ಲಿ ಆಟಗಳ ವಿಮರ್ಶೆ ಮಾಡುವ ಗಡ್ಡದವನೊಬ್ಬ ಈ ಆಟದ ಗುಣದೋಷ ಹೇಳಿದ್ದನ್ನು ಇಂಜಿನಿಯರ್ ಅವಳಿಗೆ ಕಳಿಸಿದ. ಗಡ್ಡದವನು ಕೈ ಆಡಿಸುತ್ತ ಹೇಳುತ್ತಿದ್ದ: “ಊರು ಸೂಪರ್, ಮಳೆ ಸೂಪರ್, ಗಾಡಿ ಓಡ್ಸೋ ಮಜಾನೇ ಬೇರೆ. ಕತೆ ಮಾತ್ರ ಸಪ್ಪೆ ಗುರು. ಇವನ ಹೊಡಿ, ಅದನ್ನ ಕದಿ, ಮತ್ತೆ ಇನ್ನೊಬ್ಬನ ಹೊಡಿ. ಹೆಂಗಸರಿಗೆ ಕಿರಿಚೋದು ಬಿಟ್ರೆ ಬೇರೆ ಕೆಲಸ ಕೊಟ್ಟಿಲ್ಲ. ಆದ್ರೆ ಒಂದು ಮಾತ್ರ ಅದ್ಭುತ. ದಾರೀಲಿ ಹೋಗೋ ಒಬ್ಬಳು ಇದ್ದಾಳೆ. ಇಡೀ ಆಟದಲ್ಲಿ ನಿಜವಾದ ಮನುಷ್ಯಳು ಅಂದ್ರೆ ಅವಳೊಬ್ಬಳೇ. ಕೇಳಿ.” ಆಮೇಲೆ ಆ ಮಾತು. ಮೂರು ಸಲ ಹಾಕಿ ಮೂರು ಸಲವೂ ಬಿದ್ದು ಬಿದ್ದು ನಕ್ಕ.

ನಿಜವಾದ ಮನುಷ್ಯಳು! ಗುಂಪಿನಕ್ಕ ಹಿಗ್ಗಿ ಹೀರೇಕಾಯಿಯಾದಳು. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಅದನ್ನು ಮತ್ತೆ ಮತ್ತೆ ಕೇಳಿದಳು. ಬಾಲ್ಕನಿ ಕಡೆಯ ಕೋಣೆಯಿಂದ ನಾದಿನಿ ಕೆಮ್ಮಿದ್ದು ಕೇಳಿತು. ಆಗ ನಾಚಿಕೆ ಬಂತು. ಬಕೆಟ್ಟು ತುಂಬಿ ನೀರು ಕಾಲ ಮೇಲೆ ಹರಿಯುತ್ತಿದ್ದರೂ ಅವಳು ಅಲ್ಲೇ ನಿಂತಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಹೋಗಿ ಊರೆಲ್ಲ ಹರಡಿತು. ಬಸ್ಸಿನಲ್ಲಿ ಸೀಟಿಗೆ ಜಗಳವಾದರೆ ಒಬ್ಬ, “ಅಣ್ಣಾ, ಚಪ್ಪಲಿನೂ ತಗೋಳಿ” ಎನ್ನುತ್ತಿದ್ದ, ಬಸ್ಸಿಗೆ ಬಸ್ಸೇ ಗೊಳ್ಳೆನ್ನುತ್ತಿತ್ತು. ಒಬ್ಬನ ಫೋನು ಅದೇ ಧ್ವನಿಯಲ್ಲಿ ಬಡಿದುಕೊಂಡಿತು. ಬೇರೆಯವರ ಮಾತನ್ನು ಬಸ್ಸಿನಿಂದ ಸ್ಟುಡಿಯೋಗೆ ಹೊತ್ತವಳು, ಈಗ ತನ್ನ ಮಾತು ಸ್ಟುಡಿಯೋದಿಂದ ಬಸ್ಸಿಗೆ ಬಂದುದನ್ನು ಕೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಾರೂ ಅವಳ ಕಡೆ ನೋಡಲಿಲ್ಲ.

ಈಗ ಹೇಳಿಬಿಡಬೇಕಿತ್ತು. ಬೇರೆ ಯಾರದೋ ಬಾಯಿಂದ ಕೇಳುವ ಮೊದಲು ತಾನೇ ನಾದಿನಿಯ ಕೈ ಹಿಡಿದು ಹೀಗಾಯಿತು ಕಣೆ ಎನ್ನಬೇಕಿತ್ತು. ಅವಳು ಹಾಗೆ ಮಾಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ನಾದಿನಿ ಬರುವ ಹೊತ್ತಿಗೆ ಟೀವಿ ಆರಿಸಿದಳು, ಆಟದ ಯಂತ್ರದ ಮೇಲೆ ಬಟ್ಟೆ ಮುಚ್ಚಿದಳು, ಗಂಡನಿಗೆ “ಅವಳ ಮುಂದೆ ಅದನ್ನ ಹಾಕ್ಬೇಡಿ, ಹೊಡೆದಾಟ ನೋಡಿದ್ರೆ ಅವಳಿಗೆ ಹಿಂದಿನದು ನೆನಪಾಗುತ್ತೆ” ಎಂದಳು. ಗಂಡ, “ಎಷ್ಟು ಸೂಕ್ಷ್ಮ ನೀನು” ಎಂದು ಮೆಚ್ಚಿಕೊಂಡ. ಆ ಮೆಚ್ಚುಗೆ ಕಪಾಳಕ್ಕೆ ಹೊಡೆದಂತಾಯಿತು. ಸಂದಿಯಲ್ಲಿ ಸ್ವಲ್ಪ ಹೊತ್ತು ಅಡಗಿ ಕುಳಿತರೆ ಕೆಂಪು ಗುರುತು ಆರುತ್ತದೆ ಎಂದು ಅವಳೂ ನಂಬಿದ್ದಳು. ನಾದಿನಿಯಲ್ಲಿ ಬದಲಾವಣೆ ಏನೂ ಕಾಣಿಸಲಿಲ್ಲ, ಅಣಕಿಸಿ ನಗಿಸುವುದು ಸ್ವಲ್ಪ ಕಡಿಮೆಯಾಗಿತ್ತು ಅಷ್ಟೆ. ದಣಿದಿರಬೇಕು ಎಂದುಕೊಂಡಳು. ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳಲು ನಮಗಿಂತ ಜಾಣರು ಯಾರಿದ್ದಾರೆ?

ಒಂದು ದಿನ ನಾದಿನಿ ಊಟದ ಡಬ್ಬಿ ಮರೆತು ಹೋದಳು. ಗುಂಪಿನಕ್ಕನಿಗೆ ಅವತ್ತು ಬಿಡುವು. ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದಳು. ಬೀದಿ ತಿರುವಿನಿಂದಲೇ ಕಾಣಿಸಿತು. ಅಂಗಡಿಯ ಮೇಲೆ ಹೊಸ ಬೋರ್ಡು, ಹಳದಿ ಬಣ್ಣ, ಕೆಂಪು ಅಕ್ಷರ, ಒಂದೊಂದೂ ಆಳೆತ್ತರ: ಚಪ್ಪಲಿನೂ ತಗೋಳಿ, ಹೊಸದು!

ವಾಪಸು ಹೋಗಿಬಿಡೋಣ ಎನಿಸಿತು, ಆದರೆ ಕೈಯಲ್ಲಿ ಡಬ್ಬಿ ಇತ್ತು.

ಅಂಗಡಿಯ ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಎರಡೂ ಕೈಯಲ್ಲಿ ಒಂದೊಂದು ಜೊತೆ ಚಪ್ಪಲಿ. ದಾರಿಯಲ್ಲಿ ಹೋಗುವವರನ್ನು ನೋಡಿ, ಹಲ್ಲು ಕಾಣಿಸುತ್ತ, ಪಾಠ ಒಪ್ಪಿಸುವ ಸ್ವರದಲ್ಲಿ ಕೂಗುತ್ತಿದ್ದಳು, “ಅಣ್ಣಾ, ಚಪ್ಪಲಿನೂ ತಗೋಳಿ, ಹೊಸದು! ಅಣ್ಣಾ, ಚಪ್ಪಲಿನೂ ತಗೋಳಿ, ಹೊಸದು!” ಹೋಗುವವರು ನಗುತ್ತಿದ್ದರು. ಒಬ್ಬ ನಿಂತು, “ನಿನ್ನ ಬಿಟ್ಬಿಡ್ಬೇಕಾ?” ಎಂದ. ಗಲ್ಲಾದಲ್ಲಿದ್ದ ಮಾಲೀಕನೂ ನಕ್ಕ. ನಾದಿನಿಯೂ ನಕ್ಕಳು, ಅದು ಕೆಲಸದ ನಗು.

ಮಾಲೀಕ ಗುಂಪಿನಕ್ಕನನ್ನು ಗುರುತಿಸಿ, “ಬನ್ನಿ ಬನ್ನಿ. ನೋಡಿದ್ರಾ ನಮ್ಮ ಐಡಿಯಾ? ಎಲ್ರ ಹತ್ರಾನೂ ಹೇಳಿಸಿ ನೋಡಿದೆ, ನಿಮ್ಮ ನಾದಿನಿ ಹೇಳಿದ ಹಾಗೆ ಯಾರಿಗೂ ಬರಲ್ಲ. ಮೊದಲು ಒಲ್ಲೆ ಅಂತ ಹಟ ಹಿಡಿದ್ಲು. ಈಗ ನೋಡಿ, ಎಷ್ಟು ಚೆಂದ ಹೇಳ್ತಾಳೆ” ಎಂದ.

ನಾದಿನಿ ತಿರುಗಿ ನೋಡಿದಳು. ಅತ್ತಿಗೆಯ ಮುಖ ಬಿಳಿಚಿಕೊಂಡದ್ದನ್ನು ನೋಡಿದಳು. ಚಪ್ಪಲಿಗಳನ್ನು ಪಕ್ಕಕ್ಕಿಟ್ಟು, ಡಬ್ಬಿ ತೆಗೆದುಕೊಂಡು, “ಬಿಸಿಲಲ್ಲಿ ಯಾಕೆ ಬರೋಕೆ ಹೋದ್ರಿ? ನೀವು ಹೋಗಿ” ಎಂದಳು.

ನೀವು. ಇಷ್ಟು ವರ್ಷದಲ್ಲಿ ಮೊದಲ ಸಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದಕ್ಕೂ ಅಲ್ಲಿ ಎಡೆಯಿರಲಿಲ್ಲ. ಕಳ್ಳಿ ಯಾರೆಂದು ಅವಳಿಗೆ ಗೊತ್ತಿತ್ತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದು ಗುಂಪಿನಕ್ಕನಿಗೆ ಅನಿಸಿತು. ನೆಲ ಬಾಯಿ ಬಿಡಲಿಲ್ಲ, ಅವಳು ನಡೆದೇ ಮನೆಗೆ ಬಂದಳು. ಬೆನ್ನ ಹಿಂದೆ ಬೀದಿ ಮುಗಿಯುವ ತನಕ ಆ ಕೂಗು ಕೇಳುತ್ತಲೇ ಇತ್ತು.

ಬಂದವಳೇ ಇಂಜಿನಿಯರಿಗೆ ಫೋನು ಮಾಡಿದಳು. “ಅದನ್ನ ತೆಗೆದುಬಿಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ.”

“ಯಾವುದನ್ನ? ಚಪ್ಪಲಿನಾ? ಅಕ್ಕ, ಆ ಆಟಕ್ಕೆ ಇರೋ ಒಳ್ಳೆ ಹೆಸರೇ ಅದರಿಂದ. ಅದನ್ನ ತೆಗೆದ್ರೆ ಜನ ನನ್ನ ಚರ್ಮ ತೆಗೀತಾರೆ. ನಾನೇ ಫೋನ್ ಮಾಡೋನಿದ್ದೆ. ಆಟದ ಮುಂದಿನ ಭಾಗದಲ್ಲಿ ಆ ಹೆಂಗಸಿಗೆ ಒಂದು ಕತೆನೇ ಇಡ್ತಾರಂತೆ. ಧ್ವನಿ ನಿಮ್ಮದೇ. ನಿಮ್ಮ ಹೆಸರೂ ಹಾಕ್ತಾರೆ ಅಕ್ಕ!”

ಹೆಸರು. ಅವಳ ಎದೆ ಒಂದು ಸಲ ಹಾರಿತು. ಅಂಥ ಹೊತ್ತಿನಲ್ಲೂ ಹಾರಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬೇಡ ಎಂದಳು. ಯಾಕೆ ಎಂದು ಅವನು ಮತ್ತೆ ಮತ್ತೆ ಕೇಳಿದ. ಅದನ್ನು ಹೇಳಬೇಕಾದರೆ ನಾದಿನಿಯ ಗುಟ್ಟನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಗಂಟಲು ಸರಿಯಿಲ್ಲ ಎಂದು ಸುಳ್ಳು ಹೇಳಿ ಫೋನು ಇಟ್ಟಳು.

ಆ ವಾರವೆಲ್ಲ ನಾದಿನಿ ಮನೆಯಲ್ಲಿ ಎಲ್ಲ ಕೆಲಸ ಮಾಡಿದಳು, ಎಲ್ಲ ಮಾತೂ ಆಡಿದಳು. ಉಪ್ಪು ಮುಗಿದಿದೆ, ಅಣ್ಣ ತಡವಾಗಿ ಬರುತ್ತಾನಂತೆ, ನಿಮ್ಮ ಸೀರೆ ಒಣಗಿದೆ. ಬಾಯಿಗೆ ಬಂದ ತಪ್ಪಾಯಿತು ಎನ್ನುವ ಮಾತು ಗುಂಪಿನಕ್ಕನಿಗೆ ಬಿಸಿತುಪ್ಪವಾಯಿತು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ನೂರು ಬಗೆಯಲ್ಲಿ ಅಳಬಲ್ಲವಳು ಅವಳು. ಯಾವ ಬಗೆಯಲ್ಲಿ ಹೇಳಿದರೂ ಅಭಿನಯದಂತೆ ಕೇಳಿಸೀತು ಎಂದು ಹೆದರಿದಳು.

ಭಾನುವಾರ ಬೆಳಿಗ್ಗೆ ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಡುವೆ ನಿಂತಿದೆ ಎಂದು ಕರೆ ಬಂದು ಗಂಡ ಹೊರಟುಹೋದ. ನಾದಿನಿ ಸ್ನಾನ ಮುಗಿಸಿ, ಅಂಗಡಿಯ ಸಮವಸ್ತ್ರ ತೊಟ್ಟು ಬಂದು ಸೋಫಾದ ತುದಿಯಲ್ಲಿ ಕುಳಿತಳು. ಯಂತ್ರದ ಮೇಲಿನ ಬಟ್ಟೆಯನ್ನು ತಾನೇ ತೆಗೆದಳು.

“ಅತ್ತಿಗೆ, ಇದನ್ನ ಹಾಕ್ತೀರಾ? ನಾನು ಅವಳನ್ನ ನೋಡ್ಬೇಕು.”

ಬೇಡ ಎನ್ನುವ ಹಕ್ಕು ಗುಂಪಿನಕ್ಕನಿಗೆ ಇರಲಿಲ್ಲ. ಹಾಕಿದಳು. ಹುಡುಕಿದಳು. ಪೆಟ್ರೋಲ್ ಬಂಕಿನ ಹತ್ತಿರ ಆ ಹೆಂಗಸು ಸಿಕ್ಕಿದಳು. ಹೆಗಲಿಗೆ ಕಂದು ಚೀಲ, ಸ್ವಲ್ಪ ಬಾಗಿದ ಬೆನ್ನು, ಕೆಲಸ ಮುಗಿಸಿ ಹೊರಟವಳ ನಡಿಗೆ. ಮಾಡಿದವರು ನಿಜಕ್ಕೂ ಗಟ್ಟಿಗರು. ನಾದಿನಿ ಗುಂಡಿಗಳಿದ್ದ ಆ ಹಿಡಿಕೆಯನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು, ಹೇಗೆ ನಡೆಸುವುದು ಎಂದು ಕೇಳಿ, ಆ ಹೆಂಗಸಿನ ಹಿಂದೆ ನಿಧಾನವಾಗಿ ನಡೆಯತೊಡಗಿದಳು. ತಳ್ಳಲಿಲ್ಲ, ಮುಟ್ಟಲಿಲ್ಲ. ಹೆಂಗಸು ಔಷಧಿ ಅಂಗಡಿ ದಾಟಿದಳು, ಪಾರ್ಕಿನ ಬೇಲಿ ದಾಟಿದಳು, ಎಡಕ್ಕೆ ತಿರುಗಿದಳು. ಮತ್ತೆ ಪೆಟ್ರೋಲ್ ಬಂಕು ಬಂತು. ಮತ್ತೆ ಔಷಧಿ ಅಂಗಡಿ.

“ಇವಳು ಮನೆಗೆ ಯಾವಾಗ ಹೋಗ್ತಾಳೆ?”

“ಹೋಗಲ್ಲ ಕಣೆ. ಇವಳಿಗೆ ಮನೆ ಮಾಡಿಲ್ಲ. ಬಾಗಿಲೆಲ್ಲ ಬರೀ ಬಣ್ಣ.”

ನಾದಿನಿ ಇನ್ನೊಂದು ಸುತ್ತು ಅವಳ ಹಿಂದೆ ಹೋದಳು. “ನನಗಾದ್ರೆ ನೀವು ಬಾಗಿಲು ತೆಗೆದ್ರಿ” ಎಂದಳು. ಆಮೇಲೆ, “ಚೀಲ ಕಿತ್ಕೊಳ್ಳೋಕೆ ಯಾವುದು ಒತ್ಬೇಕು?” ಎಂದಳು.

“ಬೇಡ ಕಣೆ.”

“ಯಾವುದು ಅತ್ತಿಗೆ?”

ಗುಂಪಿನಕ್ಕ ಬೆರಳು ತೋರಿಸಿದಳು. ನಾದಿನಿ ಒತ್ತಿದಳು. ತೆರೆಯ ಮೇಲೆ ಒಂದು ಕೈ ಚಾಚಿಕೊಂಡಿತು, ಚೀಲ ಕಿತ್ತುಬಂತು, ಹೆಂಗಸು ಹಿಂದೆ ಸರಿದು ಎರಡೂ ಕೈ ಎತ್ತಿದಳು. ನಾದಿನಿ ಆಟದ ಕಳ್ಳನನ್ನು ಅಲ್ಲಾಡಿಸದೆ ಅವಳ ಎದುರಿಗೇ ನಿಲ್ಲಿಸಿದ್ದಳು. ಮನೆಯ ತುಂಬ ಗುಂಪಿನಕ್ಕನ ಧ್ವನಿ ಕೇಳಿತು. ಅಣ್ಣಾ, ಚಪ್ಪಲಿನೂ ತಗೋಳಿ, ಹೊಸದು, ನನ್ನ ಬಿಟ್ಬಿಡಿ.

ನಾದಿನಿ ತಲೆ ಓರೆ ಮಾಡಿ ಪೂರ್ತಿ ಕೇಳಿದಳು. “ಮೊದಲನೇ ದಿನಾನೇ ಗೊತ್ತಾಯ್ತು ನನಗೆ. ಬಿಲ್ಲು ಹಾಕೋಳು ಮೊಬೈಲಲ್ಲಿ ಕೇಳಿಸಿದ್ಲು. ಎಲ್ರೂ ನಕ್ರು. ನಿಮ್ಮ ಧ್ವನಿ ಅಂತ ಅಲ್ಲಿ ಬೇರೆ ಯಾರಿಗೂ ಗೊತ್ತಾಗ್ಲಿಲ್ಲ.”

ಇಷ್ಟು ವರ್ಷ ಕಾದ ಗುರುತು ಇದೇ, ಇವಳಿಂದಲೇ. ಗುಂಪಿನಕ್ಕ ಅವಳ ಮೊಣಕಾಲು ಹಿಡಿದುಕೊಂಡಳು. “ತಪ್ಪಾಯ್ತು. ಬಾಯಿ ಸುಟ್ಟುಹೋಗ್ಲಿ ನಂದು. ನೀನು ಅವತ್ತು ಅವರ ಮುಂದೆ ಅಂದಿದ್ದನ್ನ ನಾನು ಎತ್ಕೊಂಡು ಹೋಗಿ ಊರಿಗೆಲ್ಲ...”

“ಅಂದೆ ಅಂತ ನಿಮಗೆ ಹೇಳ್ದೆ, ಆದ್ರೆ ಅವರ ಮುಂದೆ ನಾನು ಏನೂ ಅನ್ಲಿಲ್ಲ ಅತ್ತಿಗೆ” ಎಂದಳು ನಾದಿನಿ. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. “ಗಂಟಲಿಂದ ಗಾಳಿ ಕೂಡ ಹೊರಡ್ಲಿಲ್ಲ. ಕಾಲು ಮುಂದೆ ಮಾಡಿ ತೋರಿಸಿದ್ದಷ್ಟೇ. ಮಾತೆಲ್ಲ ಒಳಗೇ ಉಳ್ಕೊಂಡಿತ್ತು. ಅದನ್ನ ಬಾಯಿ ಬಿಟ್ಟು ಅಂದಿದ್ದು ಒಂದೇ ಸಲ. ಅಡಿಗೆಮನೇಲಿ, ನಿಮ್ಮ ಹತ್ರ.”

ಗುಂಪಿನಕ್ಕನ ಕೈ ಆ ಮೊಣಕಾಲ ಮೇಲೇ ಉಳಿಯಿತು. ತೆರೆಯ ಮೇಲೆ ಆ ಹೆಂಗಸು ಏನೂ ಆಗದವಳಂತೆ ಬಟ್ಟೆ ಸರಿಮಾಡಿಕೊಂಡು ಮತ್ತೆ ಪೆಟ್ರೋಲ್ ಬಂಕಿನ ಕಡೆ ಹೊರಟಿದ್ದಳು. ನಾದಿನಿ ಮೊಣಕಾಲ ಮೇಲಿದ್ದ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಎದ್ದಳು. ಡಬ್ಬಿಯನ್ನು ನೆನಪಿನಿಂದ ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ಕುಳಿತು ಚಪ್ಪಲಿಯ ಪಟ್ಟಿ ಬಿಗಿದುಕೊಂಡಳು.

“ಬರ್ತೀನಿ ಅತ್ತಿಗೆ. ಭಾನುವಾರ ಗಿರಾಕಿ ಜಾಸ್ತಿ, ಬಾಗಿಲಲ್ಲಿ ನಿಂತು ಕೂಗ್ಬೇಕು” ಎಂದು ಹೇಳಿ ಹೊರಟಳು.